ಮೆಡಿಕಲ್ ಕಾಲೇಜಿಗೆ ಅರ್ಜಿ: ಎರಡು ವರ್ಷ ಹಾಕಿ ಕಲಿತದ್ದು

ನಾನು ಮೆಡಿಕಲ್ ಕಾಲೇಜುಗಳಿಗೆ ಎರಡು ವರ್ಷ ಅರ್ಜಿ ಹಾಕಿದೆ. ಮೊದಲ ವರ್ಷ ಒಂದೇ ಒಂದು ಇಂಟರ್‌ವ್ಯೂ ಬಂತು, ಸೀಟು ಬರಲಿಲ್ಲ. ಎರಡನೇ ವರ್ಷ ಐದು ಇಂಟರ್‌ವ್ಯೂ ಬಂದವು, ಎರಡು ಕಡೆ ಸೀಟು ಸಿಕ್ಕಿತು. ಈ ನಡುವೆ ನನ್ನ ಡಿಗ್ರಿ ಮಾರ್ಕ್ಸ್ ಬದಲಾಗಿರಲಿಲ್ಲ. ಪ್ರವೇಶ ಪರೀಕ್ಷೆಯನ್ನೂ ಮತ್ತೆ ಬರೆದಿರಲಿಲ್ಲ. ಅರ್ಜಿ ಹಾಕಿದ ರೀತಿ ಬದಲಾಗಿತ್ತು, ಅಷ್ಟೇ.

ಓದುವುದು ಒಂದು ಕೆಲಸ, ಅರ್ಜಿ ಹಾಕುವುದು ಇನ್ನೊಂದು ಕೆಲಸ. ಓದುವುದನ್ನು ಚಿಕ್ಕಂದಿನಿಂದ ಹೇಳಿಕೊಟ್ಟಿರುತ್ತಾರೆ. ಅರ್ಜಿ ಹಾಕುವುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಆದರೆ ಅದೂ ಕಲಿಯಬಹುದಾದ ಕೆಲಸವೇ. ನಾನು ಅರ್ಜಿ ಹಾಕಿದ್ದು ಅಮೆರಿಕದ ಪದ್ಧತಿಯಲ್ಲಿ. ಆಮೇಲೆ ಬ್ರಿಟನ್‌ಗೆ ಹಾಕಿದವರ ಜೊತೆ, ಭಾರತದಲ್ಲಿ ನೀಟ್ ಬರೆದವರ ಜೊತೆ ಕೂತು ಅವರ ಅರ್ಜಿಗಳನ್ನೂ ನೋಡಿದ್ದೇನೆ. ದೇಶ ಬೇರೆ ಆದರೂ ಜನ ಎಡವುವ ಜಾಗಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ನಿಮ್ಮ ಪದ್ಧತಿ ಏನನ್ನು ಅಳೆಯುತ್ತದೆ ಅಂತ ಮೊದಲು ತಿಳಿದುಕೊಳ್ಳಿ

ಭಾರತದಲ್ಲಿ ಎಂಬಿಬಿಎಸ್ ಸೀಟು ನಿರ್ಧಾರವಾಗುವುದು ನೀಟ್ ರ‍್ಯಾಂಕ್ ಮೇಲೆ. 180 ಪ್ರಶ್ನೆ, 720 ಅಂಕ. ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಪ್ರಬಂಧ ಇಲ್ಲ, ಇಂಟರ್‌ವ್ಯೂ ಇಲ್ಲ. ರ‍್ಯಾಂಕ್ ಬಂದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಎರಡೇ: ಕೌನ್ಸೆಲಿಂಗ್‌ನಲ್ಲಿ ಕಾಲೇಜುಗಳನ್ನು ಯಾವ ಕ್ರಮದಲ್ಲಿ ತುಂಬುತ್ತೀರಿ, ದಾಖಲೆಗಳು ಸರಿಯಾಗಿವೆಯಾ.

ಬ್ರಿಟನ್‌ನಲ್ಲಿ ಶಾಲೆ ಮುಗಿಸಿ ನೇರವಾಗಿ ಮೆಡಿಕಲ್‌ಗೆ ಹೋಗುತ್ತಾರೆ. ಅರ್ಜಿ ಯುಕ್ಯಾಸ್ ಅನ್ನುವ ಒಂದೇ ಕಡೆಯ ಮೂಲಕ. ಐದು ಆಯ್ಕೆಗಳಲ್ಲಿ ನಾಲ್ಕನ್ನು ಮಾತ್ರ ಮೆಡಿಸಿನ್‌ಗೆ ಬಳಸಬಹುದು. ಹೆಚ್ಚಿನ ಕಾಲೇಜುಗಳು ಯುಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಕೇಳುತ್ತವೆ. ಆಮೇಲೆ ಇಂಟರ್‌ವ್ಯೂ ಇರುತ್ತದೆ.

ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್. ಎಂಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯ ಸ್ಕೋರ್, ಡಿಗ್ರಿ ಮಾರ್ಕ್ಸ್, ಪ್ರಬಂಧಗಳು, ಅನುಭವದ ಪಟ್ಟಿ, ಶಿಫಾರಸು ಪತ್ರಗಳು, ಇಂಟರ್‌ವ್ಯೂ, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುತ್ತಾರೆ.

ನೀಟ್ ಬರೆಯುವವರು ಸ್ವಯಂಸೇವೆಯ ಸರ್ಟಿಫಿಕೇಟ್ ಕೂಡಿಸುತ್ತಾ ಕೂತರೆ ಸೀಟಿಗೆ ಅದರಿಂದ ಏನೂ ಸಹಾಯವಿಲ್ಲ. ಅಮೆರಿಕಕ್ಕೆ ಹಾಕುವವರು ಪರೀಕ್ಷೆಯೊಂದನ್ನೇ ನಂಬಿ ಕೂತರೆ ಇಂಟರ್‌ವ್ಯೂ ಕರೆ ಬರುವುದು ಕಷ್ಟ. ಹಾಗಾಗಿ ಅಕ್ಕಪಕ್ಕದವರು ಏನು ಮಾಡಿದರು ಅನ್ನುವುದಕ್ಕಿಂತ ಆಯಾ ವರ್ಷದ ಅಧಿಕೃತ ಕೈಪಿಡಿ ಏನು ಹೇಳುತ್ತದೆ ಅನ್ನುವುದು ಮುಖ್ಯ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಬ್ರಿಟನ್‌ನಲ್ಲಿ ಬಿಮ್ಯಾಟ್ ಅನ್ನುವ ಇನ್ನೊಂದು ಪರೀಕ್ಷೆ ಇತ್ತು, ಅದು 2023ಕ್ಕೆ ನಿಂತೇ ಹೋಯಿತು. ಯುಕ್ಯಾಟ್‌ನಲ್ಲಿ 2025ರಿಂದ ಆಕೃತಿಗಳ ಒಂದು ವಿಭಾಗವನ್ನೇ ತೆಗೆದರು. ಅಣ್ಣನೋ ಅಕ್ಕನೋ ಕೊಟ್ಟ ಹಳೇ ಪುಸ್ತಕ ನೋಡಿ ತಯಾರಿ ಮಾಡಿದವರು ಇಲ್ಲದ ವಿಭಾಗಕ್ಕೆ ವಾರಗಟ್ಟಲೆ ಓದಿರುತ್ತಾರೆ.

ಇದೇ ಹಂತದಲ್ಲಿ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಓದಿದರೆ ನಾನು ಎಲ್ಲಿ ಡಾಕ್ಟರ್ ಆಗಿ ಕೆಲಸ ಮಾಡಬಹುದು? ಇದನ್ನು ಸೀಟು ಸಿಕ್ಕಿದ ಮೇಲೆ ಕೇಳಿದರೆ ತಡವಾಗುತ್ತದೆ. ಭಾರತೀಯರು ವಿದೇಶದಲ್ಲಿ ಓದಿ ಭಾರತಕ್ಕೆ ಮರಳಿ ವೈದ್ಯರಾಗಬೇಕು ಅಂದರೆ ನೀಟ್‌ನಲ್ಲಿ ಅರ್ಹತೆ ಪಡೆದಿರಬೇಕು. 2021ರ ನಿಯಮಗಳ ಪ್ರಕಾರ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಪಾಠ ಇಂಗ್ಲಿಷ್‌ನಲ್ಲಿ ನಡೆಯಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಆಗಬೇಕು. ಓದಿದ ದೇಶದಲ್ಲಿ ವೈದ್ಯರಾಗಿ ಕೆಲಸ ಮಾಡುವ ಅರ್ಹತೆಯೂ ಆ ಪದವಿಗೆ ಇರಬೇಕು. ಏಜೆಂಟರು ಸಾಮಾನ್ಯವಾಗಿ ತೋರಿಸುವುದು ವರ್ಲ್ಡ್ ಡೈರೆಕ್ಟರಿ ಆಫ್ ಮೆಡಿಕಲ್ ಸ್ಕೂಲ್ಸ್‌ನಲ್ಲಿ ಕಾಲೇಜಿನ ಹೆಸರು ಇದೆ ಅನ್ನುವುದನ್ನು. ಅದು ಕಾಲೇಜುಗಳ ಪಟ್ಟಿ, ಗುಣಮಟ್ಟದ ಮುದ್ರೆ ಅಲ್ಲ. ದಯವಿಟ್ಟು ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳಬೇಡಿ. ಈ ಒಂದು ವಿಷಯದಲ್ಲಿ ಎಷ್ಟೋ ಮನೆಗಳ ಆರು ವರ್ಷ ಮತ್ತು ಕೂಡಿಟ್ಟ ದುಡ್ಡು ಹೋಗಿದೆ.

2. ಕೊನೇ ದಿನಾಂಕದಿಂದ ಹಿಂದಕ್ಕೆ ಎಣಿಸಿ

ಮೊದಲ ವರ್ಷ ನನ್ನನ್ನು ಹೊಡೆದು ಹಾಕಿದ್ದು ಇದು.

ಅಮೆರಿಕದ ಹೆಚ್ಚಿನ ಮೆಡಿಕಲ್ ಕಾಲೇಜುಗಳಿಗೆ ಆಮ್‌ಕ್ಯಾಸ್ ಅನ್ನುವ ಒಂದೇ ಕಡೆಯಿಂದ ಅರ್ಜಿ ಹೋಗುತ್ತದೆ. ಸುಮಾರು ಮೇ ಕೊನೆ, ಜೂನ್ ಶುರುವಿನಿಂದ ಸಲ್ಲಿಸಬಹುದು. ಕಾಲೇಜುಗಳ ಕೊನೇ ದಿನಾಂಕ ಮಾತ್ರ ಅಕ್ಟೋಬರ್, ನವೆಂಬರ್ ಅಂತ ಇರುತ್ತದೆ. ನಾನು ಅದನ್ನು ನೋಡಿ ನೆಮ್ಮದಿಯಾಗಿದ್ದೆ. ಆಗಸ್ಟ್ ಕೊನೆಗೆ ಸಲ್ಲಿಸಿದೆ. ಎರಡು ತಿಂಗಳು ಮುಂಚೆ ಕಳಿಸಿದ್ದೇನೆ ಅನ್ನುವ ಭಾವನೆ ನನ್ನದು.

ಆದರೆ ಅಲ್ಲಿ ಹೆಚ್ಚಿನ ಕಾಲೇಜುಗಳು ಅರ್ಜಿ ಬಂದ ಹಾಗೆ ಓದುತ್ತಾ ಹೋಗುತ್ತವೆ, ಇಂಟರ್‌ವ್ಯೂ ದಿನಗಳನ್ನು ಹಂಚುತ್ತಾ ಹೋಗುತ್ತವೆ. ಕೊನೇ ದಿನಾಂಕದ ಹೊತ್ತಿಗೆ ಜಾಗ ಬಹಳಷ್ಟು ತುಂಬಿರುತ್ತದೆ. ಅದರ ಮೇಲೆ ಇನ್ನೊಂದು ಪೆಟ್ಟು. ನಾನು ಒಂದು ಬೇಸಿಗೆಯಲ್ಲಿ ಬೇರೆ ಕಾಲೇಜಿನಲ್ಲಿ ಒಂದೇ ಒಂದು ವಿಷಯ ಓದಿದ್ದೆ. ನೀವು ಓದಿದ ಪ್ರತಿಯೊಂದು ಕಾಲೇಜಿನಿಂದಲೂ ಅಂಕಪಟ್ಟಿ ನೇರವಾಗಿ ಹೋಗಬೇಕು, ಒಂದು ವಿಷಯ ಓದಿದ್ದರೂ ಸರಿ. ನಾನು ಕೋರಿಕೆ ಕಳಿಸಿದ್ದೆ. ಆ ಕಚೇರಿಯಲ್ಲಿ ಅದು ಐದು ವಾರ ಹಾಗೇ ಬಿದ್ದಿತ್ತು. ನಾನು ಒಂದು ಸಲವೂ ಫೋನ್ ಮಾಡಿ ವಿಚಾರಿಸಲಿಲ್ಲ. ಅಂಕಪಟ್ಟಿ ಬರದೆ ಪರಿಶೀಲನೆ ಶುರುವಾಗುವುದಿಲ್ಲ, ಪರಿಶೀಲನೆ ಮುಗಿಯದೆ ಅರ್ಜಿ ಕಾಲೇಜಿಗೆ ಹೋಗುವುದಿಲ್ಲ. ನನ್ನ ಅರ್ಜಿ ಕಾಲೇಜುಗಳ ಕೈ ಸೇರಿದ್ದು ಅಕ್ಟೋಬರ್ ಮಧ್ಯದಲ್ಲಿ.

ಎರಡನೇ ವರ್ಷ ಒಂದು ದೊಡ್ಡ ಹಾಳೆ ತೆಗೆದುಕೊಂಡು ಕೆಳಗೆ 'ಜೂನ್ ಮೊದಲ ವಾರ: ಸಲ್ಲಿಕೆ' ಅಂತ ಬರೆದೆ. ಅಲ್ಲಿಂದ ಮೇಲಕ್ಕೆ ಹತ್ತಿದೆ. ಮೇ ತಿಂಗಳಲ್ಲಿ ಅಂಕಪಟ್ಟಿಗಳು. ಏಪ್ರಿಲ್‌ನಲ್ಲಿ ಪ್ರಬಂಧದ ಕೊನೇ ಪ್ರತಿ. ಫೆಬ್ರವರಿಯಲ್ಲಿ ಶಿಫಾರಸು ಪತ್ರ ಕೇಳುವುದು. ಎಂಕ್ಯಾಟ್ ಇನ್ನೂ ಬರೆಯಬೇಕಾದವರು ಅದನ್ನು ಏಪ್ರಿಲ್ ಒಳಗೆ ಮುಗಿಸಿಕೊಳ್ಳಬೇಕು, ಯಾಕೆಂದರೆ ಫಲಿತಾಂಶಕ್ಕೆ ಸುಮಾರು ಒಂದು ತಿಂಗಳು ಹಿಡಿಯುತ್ತದೆ.

ಬ್ರಿಟನ್‌ಗೆ ಹಾಕುವವರು ಅಕ್ಟೋಬರ್ 15ರಿಂದ ಹಿಂದಕ್ಕೆ ಎಣಿಸಬೇಕು. ಅಲ್ಲಿ ಬಂದ ಕ್ರಮದಲ್ಲಿ ಓದುವ ಚಿಂತೆ ಅಷ್ಟಿಲ್ಲ, ಆದರೆ ಆ ದಿನ ಸಂಜೆ 6 ದಾಟಿದರೆ ಮುಗಿಯಿತು. ಅದೂ ಬ್ರಿಟನ್ ಸಮಯ. ಮತ್ತೆ ನಿಮ್ಮ ಶಾಲೆ ರೆಫರೆನ್ಸ್ ಬರೆದು ಸೇರಿಸಬೇಕಲ್ವಾ, ಅದಕ್ಕೆ ಶಾಲೆಯೇ ಸೆಪ್ಟೆಂಬರ್‌ನಲ್ಲಿ ಒಂದು ದಿನ ಇಟ್ಟಿರಬಹುದು. ನಿಮಗೆ ನಿಜವಾದ ಕೊನೇ ದಿನ ಅದು.

ಹೆಸರಿನ ಬಗ್ಗೆಯೂ ಒಂದು ಮಾತು. ಒಂದು ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಬಿಡಿಸಿ ಬರೆದದ್ದು. ನಮ್ಮಲ್ಲಿ ಇದು ಸಾಮಾನ್ಯ. ಪರೀಕ್ಷೆಗೆ ನೋಂದಾಯಿಸುವಾಗ ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರಲ್ಲಿರುವ ಹಾಗೇ ಅಕ್ಷರ ಅಕ್ಷರ ಬರೆಯಿರಿ.

3. ಪರೀಕ್ಷೆ

ಓದುವುದು ಹೇಗೆ ಅಂತ ನಾನು ಹೇಳುವುದಿಲ್ಲ, ಅದು ನಿಮಗೆ ಗೊತ್ತು. ಎರಡು ವಿಷಯ ಮಾತ್ರ ಹೇಳುತ್ತೇನೆ.

ಒಂದು, ಅಣಕು ಪರೀಕ್ಷೆಯನ್ನು ನಿಜವಾದ ಹೊತ್ತಿನಲ್ಲಿ, ನಿಜವಾದ ಉದ್ದಕ್ಕೆ ಬರೆಯಿರಿ. ಎಂಕ್ಯಾಟ್ ವಿರಾಮ ಸೇರಿ ಸುಮಾರು ಏಳೂವರೆ ಗಂಟೆ. ಮನೆಯಲ್ಲಿ ಒಂದೊಂದು ವಿಭಾಗ ಬಿಡಿಬಿಡಿಯಾಗಿ ಬರೆದು ಬಂದ ಸ್ಕೋರನ್ನು ನಂಬಬೇಡಿ. ಆರನೇ ಗಂಟೆಯಲ್ಲಿ ತಲೆ ಹೇಗಿರುತ್ತದೆ ಅಂತ ಗೊತ್ತಾಗುವುದು ಆರನೇ ಗಂಟೆಯಲ್ಲೇ.

ಎರಡು, ತಪ್ಪಿಗೆ ಅಂಕ ಕಳೆಯುತ್ತಾರಾ ಇಲ್ಲವಾ ನೋಡಿಕೊಳ್ಳಿ. ಎಂಕ್ಯಾಟ್‌ನಲ್ಲೂ ಯುಕ್ಯಾಟ್‌ನಲ್ಲೂ ಕಳೆಯುವುದಿಲ್ಲ. ಅಲ್ಲಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಕಳೆಯುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಉತ್ತರಗಳಲ್ಲಿ ಎರಡು ಖಂಡಿತ ತಪ್ಪು ಅಂತ ಗೊತ್ತಿದ್ದರೆ, ಉಳಿದ ಎರಡರಲ್ಲಿ ಒಂದನ್ನು ಆರಿಸಿದಾಗ ಸರಾಸರಿ ಒಂದೂವರೆ ಅಂಕದ ಲಾಭ. ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ಹಾಕಿದರೆ ಸರಾಸರಿ ಕಾಲು ಅಂಕ ಮಾತ್ರ, ಅದರಲ್ಲೂ ನಾಲ್ಕರಲ್ಲಿ ಮೂರು ಸಲ ತಪ್ಪಾಗುತ್ತದೆ. ಹಾಗಾಗಿ ಎರಡು ಉತ್ತರ ಹೊಡೆದು ಹಾಕಲು ಆಗುತ್ತದಾ ಅನ್ನುವುದನ್ನು ನಿಮ್ಮ ನಿಯಮ ಮಾಡಿಕೊಳ್ಳಿ. ಪರೀಕ್ಷೆಯ ಹಾಲ್‌ನಲ್ಲಿ ಕೂತು ಯೋಚಿಸುವ ವಿಷಯ ಅಲ್ಲ ಇದು, ಮೊದಲೇ ತೀರ್ಮಾನ ಆಗಿರಬೇಕು.

4. ಕಾಲೇಜುಗಳ ಪಟ್ಟಿ: ಇಲ್ಲಿ ನಿಧಾನ ಮಾಡಿ

ಮೊದಲ ವರ್ಷ ನಾನು 14 ಕಾಲೇಜು ಆರಿಸಿದ್ದು ಒಂದೇ ಸಂಜೆ. ಹೆಸರು ಕೇಳಿದ್ದವು, ಸ್ನೇಹಿತರು ಹಾಕುತ್ತಿದ್ದವು. ಅದರಲ್ಲಿ ಆರು ಬೇರೆ ರಾಜ್ಯಗಳ ಸರ್ಕಾರಿ ಕಾಲೇಜುಗಳು. ಅಂಥ ಕಾಲೇಜುಗಳಲ್ಲಿ ಬಹಳಷ್ಟು ತಮ್ಮ ರಾಜ್ಯದವರಿಗೇ ಮೊದಲ ಆದ್ಯತೆ ಕೊಡುತ್ತವೆ, ಹೊರಗಿನವರನ್ನು ತೀರಾ ಕಡಿಮೆ ತೆಗೆದುಕೊಳ್ಳುತ್ತವೆ. ಅಂದರೆ ನನ್ನ ಪಟ್ಟಿಯ ಅರ್ಧದಷ್ಟು ಕಾಲೇಜುಗಳ ಬಾಗಿಲು ನಾನು ತಟ್ಟುವ ಮೊದಲೇ ಮುಚ್ಚಿತ್ತು. ಈ ಮಾಹಿತಿ ಯಾರೂ ಬಚ್ಚಿಟ್ಟದ್ದಲ್ಲ. ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ ಪ್ರತಿ ವರ್ಷ ಕಾಲೇಜುವಾರು ಅಂಕಿ ಅಂಶ ಕೊಡುತ್ತದೆ. ನಾನು ತೆರೆದು ನೋಡಿರಲಿಲ್ಲ.

ಎರಡನೇ ವರ್ಷ ಒಂದೊಂದು ಕಾಲೇಜಿಗೂ ಒಂದು ಪುಟ ಇಟ್ಟೆ. ಪುಟದ ಮೇಲೆ ಈ ಪ್ರಶ್ನೆಗಳು:

- ನನ್ನಂಥವರು ಇಲ್ಲಿಗೆ ಅರ್ಜಿ ಹಾಕಬಹುದಾ? ನಿವಾಸ, ಪೌರತ್ವ, ಓದಿದ ವಿಷಯ, ಎಲ್ಲ ನೋಡಿ.
- ಹಿಂದಿನ ವರ್ಷ ಸೇರಿದವರ ಅಂಕಗಳ ನಡುವೆ ನನ್ನ ಅಂಕ ಎಲ್ಲಿ ಬೀಳುತ್ತದೆ?
- ಹೊರಗಿನವರನ್ನು ಎಷ್ಟು ಜನ ತೆಗೆದುಕೊಂಡಿದ್ದಾರೆ?
- ಈ ಕಾಲೇಜು ಯಾವುದಕ್ಕೆ ಬೆಲೆ ಕೊಡುತ್ತದೆ? ಸಂಶೋಧನೆಗಾ, ಹಳ್ಳಿಗಳಲ್ಲಿ ಕೆಲಸ ಮಾಡುವ ಡಾಕ್ಟರುಗಳನ್ನು ತಯಾರು ಮಾಡುವುದಕ್ಕಾ?

ಒಂದು ಪುಟಕ್ಕೆ ಎರಡು ಮೂರು ಗಂಟೆ ಹಿಡಿಯಿತು. ಮೊದಲ ಪ್ರಶ್ನೆಗೇ ಎಷ್ಟೋ ಕಾಲೇಜು ಬಿದ್ದು ಹೋದವು. ಅಮೆರಿಕದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದೇ ಇರುವ ಮೆಡಿಕಲ್ ಕಾಲೇಜುಗಳೇ ಜಾಸ್ತಿ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಈ ಪ್ರಶ್ನೆಯಿಂದಲೇ ಶುರು ಮಾಡಬೇಕು.

ಬ್ರಿಟನ್‌ನಲ್ಲಿ ಒಂದು ಅನುಕೂಲ ಇದೆ. ಯುಕ್ಯಾಟ್ ಜುಲೈಯಿಂದ ಸೆಪ್ಟೆಂಬರ್ ಒಳಗೆ ಬರೆಯುತ್ತೀರಿ, ಸ್ಕೋರ್ ಅಲ್ಲೇ ಕೈಗೆ ಬರುತ್ತದೆ. ಆಮೇಲೆ ಕಾಲೇಜು ಆರಿಸಬಹುದು. ಕೆಲವು ಕಾಲೇಜುಗಳು ಈ ಸ್ಕೋರಿಗೆ ತುಂಬ ತೂಕ ಕೊಡುತ್ತವೆ, ಕೆಲವು ಶಾಲೆಯ ಅಂಕಗಳಿಗೆ. ಸಂದರ್ಭ ಕೊಟ್ಟು ಏನು ಮಾಡುತ್ತೀರಿ ಅಂತ ಕೇಳುವ ಭಾಗದಲ್ಲಿ ನಾಲ್ಕನೇ ಬ್ಯಾಂಡ್, ಅಂದರೆ ಎಲ್ಲಕ್ಕಿಂತ ಕೆಳಗಿನದು, ಬಂದರೆ ಅರ್ಜಿಯನ್ನೇ ಪಕ್ಕಕ್ಕಿಡುವ ಕಾಲೇಜುಗಳೂ ಇವೆ. ಇರುವುದು ನಾಲ್ಕೇ ಆಯ್ಕೆ. ಸ್ಕೋರ್ ಸಾಧಾರಣ ಬಂದಿದೆ ಅಂದರೆ, ಸ್ಕೋರನ್ನೇ ಮುಖ್ಯವಾಗಿ ನೋಡುವ ಕಾಲೇಜಿಗೆ ಒಂದು ಆಯ್ಕೆಯನ್ನೂ ಕಳೆಯಬೇಡಿ.

ನೀಟ್ ಕೌನ್ಸೆಲಿಂಗ್‌ನವರಿಗೆ: ನಿಮಗೆ ನಿಜವಾಗಿ ಬೇಕಾದ ಕಾಲೇಜನ್ನೇ ಮೊದಲು ಹಾಕಿ. 'ಅದು ಹೇಗೂ ಸಿಗಲ್ಲ, ಸುಮ್ನೆ ಮೇಲೆ ಹಾಕಿದರೆ ಕೆಳಗಿನದೂ ಹೋಗುತ್ತೆ' ಅನ್ನುವ ಭಯ ಬಹಳ ಜನರಿಗೆ ಇದೆ. ಹಂಚಿಕೆ ನಡೆಯುವುದು ರ‍್ಯಾಂಕ್ ಪ್ರಕಾರ. ನಿಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾರೆ, ಮೊದಲು ಖಾಲಿ ಇರುವುದು ಸಿಗುತ್ತದೆ. ಮೇಲೆ ಆಸೆಯ ಕಾಲೇಜು ಹಾಕಿದ್ದರಿಂದ ಕೆಳಗಿನದು ತಪ್ಪುವುದಿಲ್ಲ. ಆದರೆ ಹೋಗಲು ಮನಸ್ಸಿಲ್ಲದ ಕಾಲೇಜನ್ನು ಹಾಕಬೇಡಿ. ಯಾವ ಸುತ್ತಿನಲ್ಲಿ ಸೀಟು ಬಿಡಬಹುದು, ಯಾವ ಸುತ್ತಿನಲ್ಲಿ ಬಿಟ್ಟರೆ ಠೇವಣಿ ಹೋಗುತ್ತದೆ ಅನ್ನುವುದನ್ನು ಆ ವರ್ಷದ ನಿಯಮದಲ್ಲಿ ಓದಿಕೊಂಡೇ ಮುಂದಕ್ಕೆ ಹೋಗಿ.

5. ಅನುಭವ: ಗಂಟೆ ಎಣಿಸಿ, ಆದರೆ ಕಂಡದ್ದನ್ನೂ ಬರೆದಿಡಿ

ಪ್ರಬಂಧ ಮತ್ತು ಇಂಟರ್‌ವ್ಯೂ ಇರುವ ಪದ್ಧತಿಗಳಲ್ಲಿ ಆಸ್ಪತ್ರೆಯಲ್ಲೋ ಆರೈಕೆ ಕೇಂದ್ರದಲ್ಲೋ ಕೆಲಸ ಮಾಡಿರಬೇಕು ಅಂತ ನಿರೀಕ್ಷೆ ಇರುತ್ತದೆ. ಜನ ಸಾಮಾನ್ಯವಾಗಿ ಗಂಟೆಗಳ ಹಿಂದೆ ಬೀಳುತ್ತಾರೆ. ನಾನೂ ಬಿದ್ದಿದ್ದೆ.

ನಾನು ವಯಸ್ಸಾದವರ ಆರೈಕೆ ಕೇಂದ್ರವೊಂದರಲ್ಲಿ ವಾರಕ್ಕೆ ಮೂರು ಗಂಟೆ ಹೋಗುತ್ತಿದ್ದೆ. ಊಟದ ತಟ್ಟೆ ಕೊಡುವುದು, ನೀರಿನ ಲೋಟ ತುಂಬುವುದು, ಮಾತಾಡುವುದು. ಅಲ್ಲೊಬ್ಬರು ಅಜ್ಜ ಇದ್ದರು. ಮಧ್ಯಾಹ್ನ ತುಂಬಿಟ್ಟ ಲೋಟ ಸಂಜೆ ಹಾಗೇ ಇರುತ್ತಿತ್ತು. 'ಆಮೇಲೆ ಕುಡಿತೀನಿ' ಅನ್ನುತ್ತಿದ್ದರು. ನಾನು ಮರೆವು ಅಂದುಕೊಂಡು ಪದೇ ಪದೇ ನೆನಪಿಸುತ್ತಿದ್ದೆ. ಒಂದು ದಿನ ಅಲ್ಲಿನ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, 'ಕುಡಿಯಿರಿ ಅಂತ ಹೇಳೋದು ಬಿಡು, ಯಾಕೆ ಕುಡಿಯಲ್ಲ ಅಂತ ಕೇಳು' ಅಂದರು. ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ರಾತ್ರಿ ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ ಅಂತ ಬೆಲ್ ಒತ್ತಲು ನಾಚಿಕೆಯಾಗುತ್ತದೆ ಅಂದರು. ನೀರು ಕುಡಿಯದಿದ್ದರೆ ಬೆಲ್ ಒತ್ತುವ ಪ್ರಶ್ನೆಯೇ ಇಲ್ಲವಲ್ಲ. ಆಮೇಲೆ ಆ ನರ್ಸ್ ಬೆಳಗ್ಗೆ ಜಾಸ್ತಿ, ಸಂಜೆ ಕಡಿಮೆ ಅಂತ ನೀರಿನ ಹೊತ್ತು ಬದಲಾಯಿಸಿದರು. ಮಲಗುವ ಮುಂಚೆ ಕೇಳದೆಯೇ ಒಂದು ಸಲ ಕರೆದುಕೊಂಡು ಹೋಗುವ ಏರ್ಪಾಡೂ ಆಯಿತು. ಲೋಟ ಖಾಲಿಯಾಗತೊಡಗಿತು.

ಇದು ನಡೆದದ್ದು ನನ್ನ ಮೊದಲ ಅರ್ಜಿಗೂ ಮುಂಚೆ. ಆದರೆ ಮೊದಲ ಅರ್ಜಿಯಲ್ಲಿ ಇದರ ಒಂದು ಸಾಲೂ ಇರಲಿಲ್ಲ. 'ವಾರಕ್ಕೆ ಮೂರು ಗಂಟೆ, ಹಿರಿಯರಿಗೆ ಊಟ ಉಪಚಾರದಲ್ಲಿ ನೆರವು' ಅಂತ ಬರೆದಿದ್ದೆ. ದೊಡ್ಡ ಆಪರೇಷನ್ ಒಂದನ್ನು ಮೂಲೆಯಲ್ಲಿ ನಿಂತು ನೋಡಿದ್ದೆ, ಅದಕ್ಕೆ ಪೂರ್ತಿ ಒಂದು ಪ್ಯಾರಾ ಕೊಟ್ಟಿದ್ದೆ. ಆ ಆಪರೇಷನ್‌ನಲ್ಲಿ ನಾನು ಮಾಡಿದ್ದು ಏನೂ ಇಲ್ಲ, ತಿಳಿದುಕೊಂಡದ್ದೂ ಕಡಿಮೆ.

ಹಾಗಾಗಿ ಒಂದು ಚಿಕ್ಕ ನೋಟ್‌ಬುಕ್ ಇಡಿ. ಹೋದ ದಿನ ಮನೆಗೆ ಬಂದು ಐದು ಸಾಲು ಬರೆಯಿರಿ. ಏನು ನೋಡಿದೆ, ಯಾವುದು ನಾನು ಅಂದುಕೊಂಡ ಹಾಗೆ ಇರಲಿಲ್ಲ, ಯಾರು ಏನು ಹೇಳಿದರು. ರೋಗಿಗಳ ಹೆಸರು, ಗುರುತು ಬರೆಯಬಾರದು. ಆರು ತಿಂಗಳಾದ ಮೇಲೆ ನೆನಪು ಮಾಡಿಕೊಳ್ಳಲು ಹೋದರೆ ಗಂಟೆಗಳ ಲೆಕ್ಕ ಸಿಗುತ್ತದೆ, ಲೋಟ ಸಿಗುವುದಿಲ್ಲ.

6. ಪರ್ಸನಲ್ ಸ್ಟೇಟ್‌ಮೆಂಟ್

ನಿಮ್ಮ ಬಗ್ಗೆ ನೀವೇ ಬರೆಯುವ ಪ್ರಬಂಧ ಇದು. ಅಮೆರಿಕದ ಅರ್ಜಿಯಲ್ಲಿ ಇದಕ್ಕೆ 5,300 ಅಕ್ಷರಗಳ ಮಿತಿ, ಖಾಲಿ ಜಾಗವೂ ಸೇರಿ. ಬ್ರಿಟನ್‌ನಲ್ಲಿ 4,000. ಅಲ್ಲಿ 2026ರ ಪ್ರವೇಶದಿಂದ ಒಂದೇ ಉದ್ದ ಪ್ರಬಂಧದ ಬದಲು ಮೂರು ಪ್ರಶ್ನೆ ಮಾಡಿದ್ದಾರೆ: ಈ ಕೋರ್ಸ್ ಯಾಕೆ, ನಿಮ್ಮ ಓದು ಇದಕ್ಕೆ ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಂದೊಂದಕ್ಕೂ ಕನಿಷ್ಠ 350 ಅಕ್ಷರ ಬರೆಯಲೇಬೇಕು.

ನನ್ನ ಮೊದಲ ಪ್ರತಿ ಹೀಗೆ ಶುರುವಾಗಿತ್ತು: 'ಚಿಕ್ಕಂದಿನಿಂದಲೂ ಜನರ ಸೇವೆ ಮಾಡಬೇಕೆಂಬ ಹಂಬಲ ನನ್ನಲ್ಲಿತ್ತು.' ಸುಳ್ಳೇನಲ್ಲ. ಆದರೆ ಆ ಅರ್ಜಿಗಳ ರಾಶಿಯಲ್ಲಿರುವ ಪ್ರತಿಯೊಬ್ಬರೂ ಅದನ್ನೇ ಬರೆಯಬಹುದು. ಓದುವವರಿಗೆ ನೀವು ಯಾರೋ ಗೊತ್ತಿಲ್ಲ. ನಿಮ್ಮ ಒಳ್ಳೇತನಕ್ಕೆ ಸಾಕ್ಷಿ ಹೇಳಲು ಅಮ್ಮ ಪಕ್ಕದಲ್ಲಿ ನಿಂತಿರುವುದಿಲ್ಲ. ಅವರ ಮುಂದೆ ಇರುವುದು ಆ ಹಾಳೆ ಮಾತ್ರ.

ಎರಡನೇ ವರ್ಷದ ಪ್ರತಿ ಹೀಗೆ ಶುರುವಾಯಿತು: 'ಮಧ್ಯಾಹ್ನ ನಾನು ತುಂಬಿಟ್ಟ ನೀರು ಸಂಜೆಯೂ ಹಾಗೇ ಇತ್ತು.' ಅಲ್ಲಿಂದ ನರ್ಸ್ ಹೇಳಿದ ಮಾತು, ನಾನು ಕೇಳಿದ ಪ್ರಶ್ನೆ, ನೀರಿನ ಹೊತ್ತು ಬದಲಾದದ್ದು. 'ಕರುಣೆ' ಅನ್ನುವ ಪದ ಆ ಪ್ರತಿಯಲ್ಲಿ ಒಂದು ಸಲವೂ ಬರಲಿಲ್ಲ. ಐದು ಇಂಟರ್‌ವ್ಯೂಗಳಲ್ಲಿ ಮೂರು ಕಡೆ ಆ ಲೋಟದ ಬಗ್ಗೆಯೇ ಮೊದಲು ಕೇಳಿದರು.

ಬರೆಯುವ ಕ್ರಮ ಹೇಳುತ್ತೇನೆ. ಮೊದಲು ಮಿತಿ ನೋಡದೆ ನಾಲ್ಕೈದು ಘಟನೆ ಬರೆಯಿರಿ. ಪ್ರತಿ ಘಟನೆಯ ಕೆಳಗೆ 'ಇದರಿಂದ ನಾನು ಏನು ಬೇರೆ ಮಾಡಿದೆ' ಅಂತ ಒಂದು ಸಾಲು ಬರೆಯಿರಿ. ಆ ಸಾಲು ಬರದ ಘಟನೆಯನ್ನು ಬಿಡಿ. ಉಳಿದ ಎರಡನ್ನು ಬೆಳೆಸಿ. ಆಮೇಲೆ ಜೋರಾಗಿ ಓದಿ. ನಾಲಿಗೆ ತಡವರಿಸಿದ ಕಡೆ ವಾಕ್ಯ ಸರಿಯಿಲ್ಲ. ಓದಲು ಎರಡೇ ಜನಕ್ಕೆ ಕೊಡಿ: ನಿಮ್ಮನ್ನು ಚೆನ್ನಾಗಿ ಬಲ್ಲವರು ಒಬ್ಬರು, ಅಷ್ಟಾಗಿ ಗೊತ್ತಿಲ್ಲದವರು ಒಬ್ಬರು. ಹತ್ತು ಜನಕ್ಕೆ ಕೊಟ್ಟರೆ ಹತ್ತು ಜನ ಒಂದೊಂದು ಮೂಲೆ ಸವರುತ್ತಾರೆ, ಕೊನೆಗೆ ನಿಮ್ಮ ದನಿಯೇ ಉಳಿಯುವುದಿಲ್ಲ.

ಒಂದು ಸೆಮಿಸ್ಟರ್ ಮಾರ್ಕ್ಸ್ ಬಿದ್ದಿದ್ದರೆ ಎರಡು ಸಾಲಿನಲ್ಲಿ ನೇರವಾಗಿ ಹೇಳಿ. ಏನಾಯಿತು, ಆಮೇಲೆ ಹೇಗೆ ಸರಿಯಾಯಿತು. ಅದಕ್ಕಿಂತ ಜಾಸ್ತಿ ಬೇಡ.

7. ಶಿಫಾರಸು ಪತ್ರ

ದೊಡ್ಡ ಹುದ್ದೆಯವರ ಪತ್ರಕ್ಕಿಂತ ನಿಮ್ಮನ್ನು ಬಲ್ಲವರ ಪತ್ರ ಒಳ್ಳೆಯದು. ನಾನು ಮೊದಲ ಸಲ ಮುನ್ನೂರು ಜನರ ತರಗತಿಗೆ ಪಾಠ ಮಾಡುವ ಪ್ರೊಫೆಸರ್ ಒಬ್ಬರ ಹತ್ತಿರ ಹೋದೆ. ಅವರು ಒಪ್ಪಿಕೊಂಡರು, ಬರೆದರು. ಆದರೆ ನನ್ನ ಬಗ್ಗೆ ಅವರಿಗೆ ಗೊತ್ತಿದ್ದುದು ನನ್ನ ಗ್ರೇಡ್ ಮಾತ್ರ, ಅದು ಅಂಕಪಟ್ಟಿಯಲ್ಲೇ ಇತ್ತು. ಎರಡನೇ ಸಲ ಲ್ಯಾಬ್‌ನಲ್ಲಿ ವಾರವಾರ ನನ್ನ ಕೆಲಸ ನೋಡಿದ ಮೇಡಂ ಹತ್ತಿರ ಕೇಳಿದೆ.

ಕೇಳುವಾಗ ಹೀಗೆ ಕೇಳಿ: 'ಮೇಡಂ, ನನ್ನ ಪರವಾಗಿ ಗಟ್ಟಿಯಾದ ಪತ್ರ ಬರೆಯಲು ನಿಮಗೆ ಆಗುತ್ತದಾ?' ಅವರು ಸ್ವಲ್ಪ ಹಿಂಜರಿದರೂ ಧನ್ಯವಾದ ಹೇಳಿ ಬೇರೆಯವರನ್ನು ಕೇಳಿ. ಒಪ್ಪಿದರೆ ನಿಮ್ಮ ರೆಸ್ಯೂಮೆ, ಪ್ರಬಂಧದ ಕರಡು, ಅವರ ಜೊತೆ ಮಾಡಿದ ಕೆಲಸದ ನಾಲ್ಕು ಸಾಲು, ಪತ್ರ ಕಳಿಸಬೇಕಾದ ದಿನಾಂಕ, ಎಲ್ಲವನ್ನೂ ಒಟ್ಟಿಗೆ ಕೊಡಿ. ಎರಡು ತಿಂಗಳಾದರೂ ಸಮಯ ಕೊಡಿ. ಮೂರು ವಾರ ಮುಂಚೆ ಒಂದು ಸಲ, ಒಂದು ವಾರ ಮುಂಚೆ ಇನ್ನೊಂದು ಸಲ ನೆನಪಿಸಿ. ನೆನಪಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಅಮೆರಿಕದಲ್ಲಿ ಮುಖ್ಯ ಅರ್ಜಿಯ ನಂತರ ಕಾಲೇಜುಗಳು ತಮ್ಮದೇ ಪ್ರಶ್ನೆಗಳನ್ನು ಕಳಿಸುತ್ತವೆ. ಒಟ್ಟೊಟ್ಟಿಗೆ ಹತ್ತು ಬಂದಾಗ ಉಸಿರು ಕಟ್ಟುತ್ತದೆ. ಎರಡು ವಾರದೊಳಗೆ ಉತ್ತರಿಸಲು ನೋಡಿ. 'ನಮ್ಮ ಕಾಲೇಜೇ ಯಾಕೆ' ಅನ್ನುವುದು ಹೆಚ್ಚಿನ ಕಡೆ ಇರುತ್ತದೆ, ಅದಕ್ಕೆ ನಾಲ್ಕನೇ ಹಂತದಲ್ಲಿ ಮಾಡಿದ ಪುಟ ಕೆಲಸಕ್ಕೆ ಬರುತ್ತದೆ. ಒಂದು ಕಾಲೇಜಿನ ಉತ್ತರವನ್ನು ಇನ್ನೊಂದಕ್ಕೆ ಬಳಸಿದರೆ ಕಾಲೇಜಿನ ಹೆಸರು ಬದಲಾಯಿಸಿದ್ದೀರಾ ಅಂತ ಎರಡು ಸಲ ನೋಡಿ.

8. ಇಂಟರ್‌ವ್ಯೂ

ಎರಡು ತರಹ ಇದೆ. ಒಂದು, ಒಬ್ಬರೋ ಇಬ್ಬರೋ ಎದುರು ಕೂತು ಮಾತಾಡುವುದು. ಇನ್ನೊಂದು ಎಂಎಂಐ, ಅಂದರೆ ಬಿಡಿಬಿಡಿಯಾದ ಪುಟ್ಟ ಇಂಟರ್‌ವ್ಯೂಗಳ ಸಾಲು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು ಇದು, 2004ರಲ್ಲಿ ಅವರು ಇದರ ಬಗ್ಗೆ ಪ್ರಕಟಿಸಿದರು. ಈಗ ಹಲವು ದೇಶಗಳಲ್ಲಿದೆ. ಬಾಗಿಲ ಹೊರಗೆ ಒಂದು ಸಂದರ್ಭ ಬರೆದಿರುತ್ತದೆ. ಓದಲು ಒಂದೆರಡು ನಿಮಿಷ, ಒಳಗೆ ಮಾತಾಡಲು ಎಂಟು ನಿಮಿಷದ ಆಸುಪಾಸು. ಗಂಟೆ ಬಾರಿಸಿದ ಕೂಡಲೇ ಮುಂದಿನ ಬಾಗಿಲು. ಒಂದು ಕೋಣೆಯಲ್ಲಿ ಕೆಟ್ಟರೂ ಮುಂದಿನ ಕೋಣೆಯವರಿಗೆ ಅದು ಗೊತ್ತಿರುವುದಿಲ್ಲ. ಇದು ನಿಮ್ಮ ಪರವಾಗಿ ಇರುವ ವಿಷಯ. ಹಿಂದಿನ ಕೋಣೆಯನ್ನು ಅಲ್ಲೇ ಬಿಟ್ಟು ಬನ್ನಿ.

ಅಭ್ಯಾಸಕ್ಕೆ ನಾವು ಬಳಸುತ್ತಿದ್ದ ಒಂದು ಸಂದರ್ಭ: 'ಬೆಳಗ್ಗೆ ವಾರ್ಡಿಗೆ ಬಂದ ನಿಮ್ಮ ಸಹಪಾಠಿಯ ಬಾಯಿಂದ ಮದ್ಯದ ವಾಸನೆ ಬರುತ್ತಿದೆ. ಏನು ಮಾಡುತ್ತೀರಿ?'

ಮೊದಮೊದಲು ಎಲ್ಲರೂ 'ತಕ್ಷಣ ಮೇಲಿನವರಿಗೆ ದೂರು ಕೊಡುತ್ತೇನೆ' ಅನ್ನುತ್ತಾರೆ, ಇಲ್ಲವೇ 'ಸ್ನೇಹಿತ ಅಲ್ವಾ, ಬುದ್ಧಿ ಹೇಳುತ್ತೇನೆ' ಅನ್ನುತ್ತಾರೆ. ಎರಡೂ ಅರ್ಧ ಉತ್ತರ. ಯೋಚನೆ ಹೊರಗೆ ಕೇಳಿಸುವ ಹಾಗೆ ಮಾತಾಡಬೇಕು. ಮೊದಲು ರೋಗಿಗಳ ಸುರಕ್ಷತೆ, ಹಾಗಾಗಿ ಅವನು ಈಗ ಯಾರನ್ನೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ. ಎಲ್ಲರ ಎದುರು ಹೇಳದೆ ಪಕ್ಕಕ್ಕೆ ಕರೆಯುತ್ತೇನೆ. ನಾನು ಅಂದುಕೊಂಡದ್ದೇ ನಿಜ ಅಂತ ತೀರ್ಮಾನಿಸುವುದಿಲ್ಲ, ಯಾಕೆಂದರೆ ಸಕ್ಕರೆ ಕಾಯಿಲೆ ಹದ ತಪ್ಪಿದಾಗಲೂ ಉಸಿರಿನಲ್ಲಿ ಬೇರೆ ತರಹದ ವಾಸನೆ ಬರುತ್ತದೆ, ಅವನಿಗೇ ಚಿಕಿತ್ಸೆ ಬೇಕಾಗಿರಬಹುದು. ಕುಡಿದಿದ್ದರೆ ಮನೆಗೆ ಹೋಗಲು ಹೇಳುತ್ತೇನೆ, ವಾರ್ಡಿನ ಹಿರಿಯರಿಗೆ ವಿಷಯ ತಿಳಿಸಲೇಬೇಕು ಅಂತ ಅವನಿಗೂ ಹೇಳುತ್ತೇನೆ. ಆಮೇಲೆ ಅವನ ಕಷ್ಟ ಏನು ಅಂತ ಕೇಳುತ್ತೇನೆ. ಸರಿಯಾದ ಒಂದೇ ಉತ್ತರ ಅಂತ ಇಲ್ಲ. ಯಾರ ಹಿತವನ್ನು ಮೊದಲು ನೋಡಿದಿರಿ, ಬೇರೆ ಯಾರನ್ನು ಮರೆಯಲಿಲ್ಲ, ಅದನ್ನು ನೋಡುತ್ತಾರೆ.

ಅಭ್ಯಾಸ ಬಾಯಿಂದಲೇ ಆಗಬೇಕು. ತಲೆಯಲ್ಲಿ ಅಂದುಕೊಂಡ ಉತ್ತರ ಬಾಯಿಗೆ ಬರುವಾಗ ಚೂರುಚೂರಾಗುತ್ತದೆ. ಫೋನಿನಲ್ಲಿ ಟೈಮರ್ ಇಟ್ಟು, ಎದುರಿಗೆ ಒಬ್ಬರನ್ನು ಕೂರಿಸಿ, ರೆಕಾರ್ಡ್ ಮಾಡಿಕೊಂಡು ಕೇಳಿ. ನನ್ನ ರೆಕಾರ್ಡಿಂಗ್ ಕೇಳಿದಾಗಲೇ ಗೊತ್ತಾದದ್ದು, ಪ್ರಶ್ನೆ ಮುಗಿಯುವ ಮೊದಲೇ ನಾನು ಉತ್ತರ ಶುರು ಮಾಡುತ್ತಿದ್ದೆ. ಆದರೆ ಉತ್ತರಗಳನ್ನು ಬಾಯಿಪಾಠ ಮಾಡಬೇಡಿ. ಎದುರಿನವರಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ನಿಮ್ಮ ಅರ್ಜಿಯನ್ನು ಹಿಂದಿನ ರಾತ್ರಿ ಪೂರ್ತಿ ಓದಿ. ಅದರಲ್ಲಿರುವ ಪ್ರತಿ ಸಾಲಿಗೂ 'ಇದರ ಬಗ್ಗೆ ಇನ್ನಷ್ಟು ಹೇಳಿ' ಅನ್ನುವ ಪ್ರಶ್ನೆ ಬರಬಹುದು.

9. ಕಾಯುವುದು, ಮತ್ತೆ ಹಾಕುವುದು

ವೇಟಿಂಗ್ ಲಿಸ್ಟ್‌ನಲ್ಲಿ ಹೆಸರು ಬಂದರೆ ಅದು ಇಲ್ಲ ಅಂದ ಹಾಗಲ್ಲ. ಅಮೆರಿಕದಲ್ಲಿ ಎರಡು ಮೂರು ಸೀಟು ಹಿಡಿದುಕೊಂಡವರು ಏಪ್ರಿಲ್ 30ರ ಹೊತ್ತಿಗೆ ಒಂದನ್ನು ಆರಿಸಿಕೊಳ್ಳಬೇಕು ಅನ್ನುವುದು ಅಲ್ಲಿನ ಪದ್ಧತಿ. ಪಟ್ಟಿ ಓಡುವುದು ಅದರ ಆಸುಪಾಸಿನಲ್ಲಿ. ಕಾಲೇಜು ಒಪ್ಪುವುದಾದರೆ ಒಂದು ಚಿಕ್ಕ ಪತ್ರ ಬರೆಯಿರಿ: ಅರ್ಜಿ ಹಾಕಿದ ಮೇಲೆ ಹೊಸದಾಗಿ ಏನು ಮಾಡಿದ್ದೀರಿ, ಸೀಟು ಕೊಟ್ಟರೆ ಬರುತ್ತೀರಾ. ಪತ್ರ ಬೇಡ ಅಂತ ಹೇಳಿರುವ ಕಾಲೇಜಿಗೆ ಕಳಿಸಬೇಡಿ.

ಎಲ್ಲ ಕಡೆಯಿಂದ ಇಲ್ಲ ಅಂತ ಬಂದ ವರ್ಷ ಒಂದೆರಡು ವಾರ ಏನೂ ಮಾಡಬೇಡಿ. ಮನಸ್ಸಿಗೆ ಪೆಟ್ಟು ಬಿದ್ದಿರುತ್ತದೆ, ಆಗ ತೆಗೆದುಕೊಳ್ಳುವ ತೀರ್ಮಾನ ಸರಿಯಿರುವುದಿಲ್ಲ. ಆಮೇಲೆ ಕಾಲೇಜುಗಳಿಗೆ ಬರೆದು ಅರ್ಜಿಯಲ್ಲಿ ಏನು ಕಡಿಮೆಯಿತ್ತು ಅಂತ ಕೇಳಿ. ಎಲ್ಲರೂ ಹೇಳುವುದಿಲ್ಲ. ನನಗೆ ಇಬ್ಬರು ಹೇಳಿದರು. ಇಬ್ಬರೂ 'ತಡವಾಗಿ ಬಂತು' ಅಂದರು. ಒಬ್ಬರು ಇನ್ನೊಂದು ಮಾತು ಸೇರಿಸಿದರು: 'ನೀವು ಏನೇನು ಮಾಡಿದ್ದೀರಿ ಅಂತ ಗೊತ್ತಾಯಿತು, ನೀವು ಯಾರು ಅಂತ ಗೊತ್ತಾಗಲಿಲ್ಲ.' ಆ ಮಾತನ್ನು ನಾನು ಮೇಜಿನ ಮುಂದೆ ಅಂಟಿಸಿಕೊಂಡಿದ್ದೆ.

ಹಳೇ ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಎರಡನೇ ಸಲ ಹಾಕುವವರಿಗೆ ಹಲವು ಕಾಲೇಜುಗಳು ನೇರವಾಗಿ ಕೇಳುತ್ತವೆ, ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ಬದಲಾಗಿದೆ ಅಂತ. ಅದೇ ಅರ್ಜಿಯನ್ನು ದಿನಾಂಕ ಬದಲಾಯಿಸಿ ಕಳಿಸಿದರೆ ಅದೇ ಉತ್ತರ ಬರುತ್ತದೆ. ನಾನು ಆ ವರ್ಷ ಆರೈಕೆ ಕೇಂದ್ರದ ಕೆಲಸ ಬಿಡಲಿಲ್ಲ. ಹೊಸದಾಗಿ ಬರುವ ಸ್ವಯಂಸೇವಕರಿಗೆ ಮೊದಲ ದಿನ ಜೊತೆಯಲ್ಲಿ ಓಡಾಡಿ ಕೆಲಸ ತೋರಿಸುವ ಹೊಣೆ ನನಗೆ ಕೊಟ್ಟರು. ಅವರಿಗೆ ಕೋಣೆ ಕೋಣೆ ತೋರಿಸುತ್ತಾ ಕುಡಿಯದೆ ಉಳಿದ ಲೋಟ ಕಂಡರೆ ಏನು ಕೇಳಬೇಕು ಅಂತ ಹೇಳಿಕೊಡುತ್ತಿದ್ದೆ. 'ಏನು ಬದಲಾಗಿದೆ' ಅನ್ನುವ ಪ್ರಶ್ನೆಗೆ ನಾನು ಅದನ್ನೇ ಬರೆದೆ.